ಪಟ್ಟಿ ಬಿಡಿ, ವಾಕ್ಯ ಹಿಡಿಯಿರಿ

ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳದು ಆಗಾಗ ಒಂದೇ ದೂರು: ದೊಡ್ಡ ಇಂಗ್ಲಿಷ್ ಪದಗಳು ಅರ್ಥವಾಗುತ್ತವೆ, ಮ್ಯಾನೇಜರ್ ಆಡುವ ಪುಟ್ಟ ಮಾತುಗಳೇ ತಲೆಗೆ ಹತ್ತುವುದಿಲ್ಲ. ‘ಪೋಸ್ಟ್‌ಪೋನ್’ ಗೊತ್ತು, ‘ಪುಟ್ ಆಫ್’ ಅಂದರೆ ತಬ್ಬಿಬ್ಬು. ‘ಟಾಲರೇಟ್’ ಗೊತ್ತು, ‘ಪುಟ್ ಅಪ್ ವಿತ್’ ಅಂದರೆ ಗಲಿಬಿಲಿ.

ಇದಕ್ಕೆ ನಾಚಿಕೊಳ್ಳಬೇಕಾದ್ದಿಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಪರಭಾಷಿಕರನ್ನು ಅತಿ ಹೆಚ್ಚು ಕಾಡುವುದು ಕ್ರಿಯಾಪದಕ್ಕೆ ಪುಟ್ಟ ಪದ ಅಂಟಿದ ಈ ಜೋಡಿಗಳೇ ಎಂದು ಮುನ್ನುಡಿಯಲ್ಲೇ ಹೇಳಿದ್ದಾರೆ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಅವರ ಪುಸ್ತಕದಿಂದ. ನಮ್ಮ ಗೊಂದಲದ ಬೇರು ಇನ್ನೂ ಹಿಂದಿದೆ: 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಕೋರ್ಟು, ಕಚೇರಿ, ವಿದ್ವತ್ತಿನ ಮಾತಿಗೆಲ್ಲ ಫ್ರೆಂಚ್, ಲ್ಯಾಟಿನ್ ಪದಗಳು ತುಂಬಿಕೊಂಡವು. ಮನೆ, ಬೀದಿಯ ಮಾತಿನಲ್ಲಿ ಪುಟ್, ಕಮ್, ಲುಕ್‌ನಂಥ ಹಳಬರೇ ಉಳಿದರು. ನಮ್ಮ ಶಾಲೆಗಳು ಕಲಿಸಿದ್ದು ಹೆಚ್ಚಾಗಿ ಮೊದಲನೆಯದನ್ನು.

ಆದರೆ ಈ ಬಗೆಯ ಜೋಡಣೆ ಕನ್ನಡಿಗರಿಗೆ ತೀರ ಹೊಸದಲ್ಲ. ‘ಹೇಳು’ ಒಂದೇ; ‘ಹೇಳಿಕೊಡು’ ಅಂದರೆ ಪಾಠ, ‘ಹೇಳಿಕೊಳ್ಳು’ ಅಂದರೆ ಮನಸ್ಸಿನ ಅಳಲು, ‘ಹೇಳಿಬಿಡು’ ಅಂದರೆ ಇನ್ನು ಮುಚ್ಚಿಡಬೇಡ ಎಂದು. ಇವನ್ನು ನಿಮಗೆ ಯಾರೂ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಲಿಲ್ಲ. ಇಂಗ್ಲಿಷಿನವನ್ನೂ ಹಾಗೇ, ಇಡೀ ವಾಕ್ಯದ ಜೊತೆಗೆ ಕಲಿಯಿರಿ. ‘ಪುಟ್ ಔಟ್ = ಆರಿಸು’ ಎಂದು ಬರೆದುಕೊಂಡರೆ ನಾಳೆ ಮರೆಯುತ್ತದೆ. ‘ದೇ ಪುಟ್ ಔಟ್ ದ ಫೈರ್’ ಎಂದು ಬರೆದುಕೊಂಡರೆ ಯಾರು, ಏನನ್ನು ಎಂಬುದೂ ಜೊತೆಗೇ ನೆನಪಿರುತ್ತದೆ.

ವಾಕ್ಯ ಬರೆದುಕೊಳ್ಳುವುದರಲ್ಲಿ ಇನ್ನೊಂದು ಲಾಭವಿದೆ. ‘ಟರ್ನ್ ಆಫ್ ದ ಫ್ಯಾನ್’ ಸರಿ, ‘ಟರ್ನ್ ದ ಫ್ಯಾನ್ ಆಫ್’ ಕೂಡ ಸರಿ. ಫ್ಯಾನಿನ ಜಾಗಕ್ಕೆ ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ಅನ್ನುವಂತಿಲ್ಲ. ‘ಪಿಕ್ ಮಿ ಅಪ್ ಅಟ್ ಸಿಕ್ಸ್’ ಅನ್ನುವುದೂ ಇದೇ ಕಾರಣಕ್ಕೆ. ಆದರೆ ‘ಲುಕ್ ಆಫ್ಟರ್ ಹರ್’ನಲ್ಲಿ ಜೋಡಿ ಬಿಡಿಸಿಕೊಳ್ಳುವುದಿಲ್ಲ. ಯಾವುದು ಬಿಡಿಸಿಕೊಳ್ಳುತ್ತದೆ, ಯಾವುದು ಇಲ್ಲ ಎಂಬುದನ್ನು ನಿಯಮಕ್ಕಿಂತ ಬೇಗ ಕಿವಿ ಕಲಿಯುತ್ತದೆ.

ಹಿಂದಿನ ಪುಟ್ಟ ಪದದ ಕಡೆಗೂ ಗಮನವಿರಲಿ. ‘ಈಟ್ ಅಪ್’, ‘ಯೂಸ್ ಅಪ್’ಗಳಲ್ಲಿ ‘ಅಪ್’ ಅಂದರೆ ಮೇಲೆ ಅಲ್ಲ, ಪೂರ್ತಿಯಾಗಿ. ನಮ್ಮ ‘ತಿಂದುಬಿಡು’ವಿನ ‘ಬಿಡು’ ಮಾಡುವ ಕೆಲಸವೇ. ‘ಬ್ರೇಕ್ ಡೌನ್’, ‘ಶಟ್ ಡೌನ್’ಗಳಲ್ಲಿ ‘ಡೌನ್’ ಅಂದರೆ ನಿಂತುಹೋಗುವುದು. ಎಲ್ಲಕ್ಕೂ ಈ ಲೆಕ್ಕ ಹೊಂದದು, ಆದರೂ ಹೊಸ ಜೋಡಿ ಎದುರಾದಾಗ ಊಹೆಗೆ ದಾರಿ ಸಿಗುತ್ತದೆ.

ನಮ್ಮ ಕಡೆ ಚಾಲ್ತಿಯಲ್ಲಿರುವ ಒಂದೆರಡು ಪ್ರಯೋಗಗಳಲ್ಲಿ ಎಚ್ಚರ ಬೇಕು. ‘ಕೋಪ್ ಅಪ್ ವಿತ್’ ಅನ್ನುತ್ತೇವೆ. ಅಲ್ಲಿ ‘ಅಪ್’ ಬೇಡ, ‘ಕೋಪ್ ವಿತ್’ ಸಾಕು. ಕಾಲೇಜು ಮುಗಿಸಿದೆ ಎನ್ನಲು ‘ಐ ಪಾಸ್ಡ್ ಔಟ್’ ಅನ್ನುತ್ತೇವೆ. ನಮ್ಮ ನಮ್ಮಲ್ಲಿ ಅದು ನಡೆಯುತ್ತದೆ, ಆದರೆ ಲಂಡನ್ನಿನ ಗ್ರಾಹಕರ ಕಿವಿಗೆ ನೀವು ಪ್ರಜ್ಞೆ ತಪ್ಪಿ ಬಿದ್ದಿರಿ ಎಂದೇ ಮೊದಲು ಕೇಳಿಸುತ್ತದೆ. ಅಲ್ಲಿ ‘ಐ ಗ್ರಾಜುಯೇಟೆಡ್’ ಅನ್ನಿ.

ಕೊನೆಗೆ, ಜಾಗ ನೋಡಿ ಮಾತಾಡಿ. ಫೋನಿನಲ್ಲಿ ‘ವಿಲ್ ಲುಕ್ ಇಂಟು ಇಟ್’ ಅಂದರೆ ಹಿತವಾಗಿರುತ್ತದೆ. ‘ವಿಲ್ ಇನ್ವೆಸ್ಟಿಗೇಟ್’ ಅಂದರೆ ಪೊಲೀಸ್ ಠಾಣೆಯ ವಾಸನೆ ಬರುತ್ತದೆ. ಲಿಖಿತ ವರದಿಯಲ್ಲಾದರೆ ಅದೇ ‘ಇನ್ವೆಸ್ಟಿಗೇಟ್’ ಒಪ್ಪುತ್ತದೆ. ಪ್ರತಿ ವಾಕ್ಯದಲ್ಲೂ ಜೋಡಿ ತುರುಕಿ ಜಾಣತನ ತೋರಿಸಲು ಹೋಗಬೇಡಿ. ಇವತ್ತು ಬಂದ ಮೇಲ್‌ಗಳಲ್ಲಿ ಇಂಥದ್ದೊಂದು ವಾಕ್ಯ ಕಂಡರೆ ಹಾಗೇ ಬರೆದಿಟ್ಟುಕೊಳ್ಳಿ, ಕೆಳಗೆ ನಿಮ್ಮದೇ ಕೆಲಸದ ಒಂದು ವಾಕ್ಯ ಕಟ್ಟಿ, ಈ ವಾರದೊಳಗೆ ಅದನ್ನು ಯಾರ ಮುಂದಾದರೂ ಬಾಯಿಬಿಟ್ಟು ಆಡಿ. ಆಡದ ಮಾತು ನಮ್ಮದಾಗುವುದಿಲ್ಲ.