ಮಾಯೆಗೂ ಒಂದು ಬೆಲೆಯಿರಲಿ

ಹದಿಹರೆಯದವರಿಗಾಗಿ ಫ್ಯಾಂಟಸಿ ಕಾದಂಬರಿ ಬರೆಯಹೊರಟಿದ್ದೀರಾ? ನಕ್ಷೆ, ರಾಜವಂಶ, ವಿಚಿತ್ರ ಪ್ರಾಣಿಗಳನ್ನು ಕಲ್ಪಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಲೋಕದ ಮಾಯೆ ನನ್ನ ಪಾತ್ರದಿಂದ ಏನನ್ನು ಕಿತ್ತುಕೊಳ್ಳುತ್ತದೆ? ಉರ್ಸುಲಾ ಲೆ ಗ್ವಿನ್ 1968ರಲ್ಲಿ ಪ್ರಕಟಿಸಿದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಲ್ಲಿ ಗೆಡ್ ಎಂಬ ಹುಡುಗ ಹಮ್ಮಿನಿಂದ ಮಂತ್ರ ಪ್ರಯೋಗಿಸಿ ಭೀಕರ ನೆರಳೊಂದನ್ನು ಲೋಕಕ್ಕೆ ಬಿಡುತ್ತಾನೆ, ಮುಂದೆ ಅದನ್ನು ಅವನೇ ಎದುರಿಸಬೇಕು. ಫಿಲಿಪ್ ಪುಲ್‌ಮನ್ನರ ‘ನಾರ್ದರ್ನ್ ಲೈಟ್ಸ್’ನಲ್ಲಿ (1995) ಪ್ರತಿಯೊಬ್ಬರಿಗೂ ಪ್ರಾಣಿಯಾಗಿ ಜೊತೆಗಿರುವ ಅವರ ಆತ್ಮ ಬಾಲ್ಯದಲ್ಲಿ ರೂಪ ಬದಲಿಸುತ್ತಲೇ ಇದ್ದು, ಹರೆಯ ಬಂದಾಗ ಒಂದೇ ರೂಪಕ್ಕೆ ನೆಲೆಗೊಳ್ಳುತ್ತದೆ. ಬೆಳೆಯುವುದೆಂದರೆ ಹಲವು ಸಾಧ್ಯತೆಗಳನ್ನು ಕಳೆದುಕೊಳ್ಳುವುದೂ ಹೌದೆಂಬುದು ಉಪದೇಶವಿಲ್ಲದೆ ಮನಸ್ಸಿಗಿಳಿಯುತ್ತದೆ.

ಇದೆಲ್ಲ ವಾಸ್ತವದಿಂದ ಓಡಿಹೋಗುವ ಸಾಹಿತ್ಯ ಎನ್ನುವವರಿದ್ದಾರೆ. ಆದರೆ ಪಶ್ಚಿಮ ಆಫ್ರಿಕಾದ ಯೊರುಬಾ ಜನರ ದೇವತೆಗಳ ನಂಬಿಕೆಯಿಂದ ಪ್ರೇರಣೆ ಪಡೆದ ಟೋಮಿ ಅಡೆಯೆಮಿಯವರ ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’ (2018) ಹುಟ್ಟಿದ್ದು ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಕಪ್ಪು ಜನ ಬಲಿಯಾಗುತ್ತಿದ್ದ ಸಂಕಟದಿಂದ. ಆ ಕಾದಂಬರಿಯಲ್ಲಿ ಮಾಯೆ ಕಳೆದುಕೊಂಡವರ ಪಾಡು ಅಧಿಕಾರ ಕಳೆದುಕೊಂಡವರ ಪಾಡೇ. ಇನ್ನು, ಹೀಗೆ ಮಾಯೆಗೆ ಬೆಲೆ ಕಟ್ಟುವ ನಿಯಮ ಹೆಚ್ಚಿದರೆ ಬೆರಗು ಸಾಯುತ್ತದೆ ಎಂಬ ಆಕ್ಷೇಪದಲ್ಲಿ ನಿಜವಿದೆ. ಹಾಗಾಗಿ ನಿಯಮಗಳನ್ನೆಲ್ಲ ವಿವರಿಸಬೇಡಿ. ಅವುಗಳ ಪರಿಣಾಮವನ್ನು ಪಾತ್ರಗಳು ಅನುಭವಿಸಲಿ. ಓದುಗರೇ, ನೀವೂ ಅಷ್ಟೇ: ಯುದ್ಧ ಯಾರು ಗೆದ್ದರು ಎನ್ನುವುದಕ್ಕಿಂತ, ಗೆಲುವಿಗಾಗಿ ಯಾರು ಏನು ತೆತ್ತರು ಎಂದು ಹುಡುಕಿ ಓದಿ. ಒಳ್ಳೆಯ ಕಾದಂಬರಿಯನ್ನು ಗುರುತಿಸಲು ಇದಕ್ಕಿಂತ ನಂಬಿಕೆಯ ದಾರಿಯಿಲ್ಲ.