ಲೂಪಸ್: ಬಿಸಿಲಿಗೆ ಕೆರಳುವ ಕಾಯಿಲೆ

ಬೇಸಗೆಯಲ್ಲಿ ಕೊಯಾಲಿಯ ಬಿಸಿಲಿಗೆ ಮುಖ ಕಂದುವುದೂ ಮೈಕೈ ನೋಯುವುದೂ ಹೊಸದಲ್ಲ. ಆದುದರಿಂದಲೇ ಮನೆಯ ಹೆಂಗಸರು ಇವನ್ನು ಹೇಳಿಕೊಂಡರೆ “ಹವೆ ಒಗ್ಗಲಿಲ್ಲ” ಎಂದು ಸುಮ್ಮನಾಗುತ್ತೇವೆ. ಆದರೆ ಮೂಗು, ಕೆನ್ನೆಗಳ ಮೇಲೆ ಚಿಟ್ಟೆಯ ರೆಕ್ಕೆಯಂತೆ ಕೆಂಪು ಹರಡಿ ಬಿಸಿಲಿಗೆ ಹೆಚ್ಚಿದರೆ, ಬೆಳಿಗ್ಗೆ ಬೆರಳ ಗಂಟುಗಳು ಬಿಗಿದು ಊದಿದರೆ, ಕಾರಣ ತಿಳಿಯದ ಜ್ವರ, ಆಯಾಸ, ಬಾಯಿಹುಣ್ಣುಗಳು ವಾರಗಟ್ಟಲೆ ಬಿಡದಿದ್ದರೆ, ಹವೆಯನ್ನು ದೂರಿ ಫಲವಿಲ್ಲ. ಲೂಪಸ್ ಎಂಬ ಕಾಯಿಲೆ ಹೀಗೆಯೇ ಆರಂಭವಾಗುವುದುಂಟು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ರೋಗಾಣುಗಳೊಡನೆ ಹೋರಾಡುವ ಕಾವಲು ಶಕ್ತಿಯೊಂದು ನಮ್ಮ ಶರೀರದಲ್ಲಿದೆ. ಲೂಪಸಿನಲ್ಲಿ ಅದು ದಾರಿತಪ್ಪಿ ತನ್ನದೇ ಚರ್ಮ, ಕೀಲು, ಮೂತ್ರಪಿಂಡಗಳ ಮೇಲೆ ಬೀಳುತ್ತದೆ. ಇದು ಅಂಟುರೋಗವಲ್ಲ, ತಟ್ಟೆ, ಲೋಟ, ಹಾಸಿಗೆಗಳನ್ನು ಬೇರೆಮಾಡಬೇಕಾಗಿಲ್ಲ. ಆದರೆ ಮೂತ್ರಪಿಂಡಕ್ಕೆ ತಗಲಿದಾಗ ಮೊದಮೊದಲು ನೋವೇ ಇರದು. ಆದುದರಿಂದ ರಕ್ತದಲ್ಲಿ ಎ.ಎನ್.ಎ. ಪರೀಕ್ಷೆಯೊಡನೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬುದನ್ನೂ ನೋಡಿಸಬೇಕು. ಎ.ಎನ್.ಎ. ಒಂದೇ ಕಂಡುಬಂದ ಮಾತ್ರಕ್ಕೆ ಲೂಪಸ್ ಎನ್ನಲಾಗದು. ನಿರ್ಣಯವನ್ನು ವೈದ್ಯರಿಗೆ ಬಿಡಿರಿ.

ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲ, ಹತೋಟಿಯಲ್ಲಿಡುವ ಮದ್ದುಂಟು. ಅವುಗಳಲ್ಲಿ ಮುಖ್ಯವಾದುದು ಮಲೇರಿಯಾಕ್ಕೂ ಬಳಸುವ ಹೈಡ್ರಾಕ್ಸಿಕ್ಲೋರೋಕ್ವಿನ್. 2020ರಲ್ಲಿ ಕೊರೋನಾಕ್ಕೆ ಇದೇ ಔಷಧವೆಂಬ ಸುದ್ದಿ ಹಬ್ಬಿ ಲೋಕವೇ ಇದಕ್ಕೆ ಮುಗಿಬಿತ್ತು. ಅಹಮದಾಬಾದಿನ ಝೈಡಸ್ ಕಂಪನಿ ಇದನ್ನು ಹೇರಳವಾಗಿ ತಯಾರಿಸಿತು. ಆದರೂ ನಿತ್ಯವೂ ಇದನ್ನೇ ನಂಬಿದ್ದ ಅನೇಕ ಲೂಪಸ್ ರೋಗಿಗಳು ಗುಳಿಗೆ ಸಿಗದೆ ಪರದಾಡಿದರು. ಕೊರೋನಾಕ್ಕೆ ಇದರಿಂದ ಗುಣವಿಲ್ಲವೆಂದು ಮುಂದೆ ಪರೀಕ್ಷೆಗಳು ತೋರಿಸಿದುವು; ಲೂಪಸಿಗೆ ಮಾತ್ರ ಇಂದಿಗೂ ಇದೇ ಆಧಾರ.

ಈ ಗುಳಿಗೆಯ ಗುಣ ಕಾಣಲು ವಾರಗಳು, ತಿಂಗಳುಗಳೇ ಬೇಕು. ಸುಖವಾಯಿತೆಂದು ತಾನಾಗಿ ನಿಲ್ಲಿಸಿದರೆ ರೋಗ ಮರಳಿ ಕೆರಳುವುದುಂಟು. ಸ್ಟಿರಾಯ್ಡ್ ಕೊಟ್ಟಿದ್ದರಂತೂ ಹಠಾತ್ತಾಗಿ ನಿಲ್ಲಿಸುವುದು ಅಪಾಯ. ವೈದ್ಯರು ಹೇಳಿದ ಕಾಲಕ್ಕೆ ಕಣ್ಣಿನ ಪರೀಕ್ಷೆ ಮಾಡಿಸಬೇಕು. ರಜೆಯಲ್ಲಿ ಊರಿಗೆ ಹೊರಟಾಗ ಅಷ್ಟೂ ದಿನಗಳಿಗೆ ಸಾಕಾಗುವ ಗುಳಿಗೆ, ವೈದ್ಯರ ಚೀಟಿ ಪೆಟ್ಟಿಗೆಯಲ್ಲಿರಲಿ. ಬಿಸಿಲಿಗೆ ಕೊಡೆ, ತುಂಬುತೋಳಿನ ಉಡುಪು ಅವಶ್ಯ.

ಲೂಪಸ್ ಬಂದವಳು ಮದುವೆಗೆ, ತಾಯ್ತನಕ್ಕೆ ಅನರ್ಹಳೆಂಬ ಮಾತು ಸರಿಯಲ್ಲ. ರೋಗ ಕೆಲವು ತಿಂಗಳು ಶಾಂತವಾಗಿದ್ದ ಮೇಲೆ, ವೈದ್ಯರ ಸಲಹೆಯಂತೆ ಗರ್ಭ ಧರಿಸಿ ಆರೋಗ್ಯವಂತ ಮಕ್ಕಳನ್ನು ಹೆತ್ತವರು ಅನೇಕರು. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಗುಳಿಗೆಯನ್ನೂ ಮುಚ್ಚಿಡಬೇಕಾಗುತ್ತದೆ. ಕಡೆಗೆ ಅದು ನಿಂತೇಹೋಗುತ್ತದೆ.

ಮೇ 10 ವಿಶ್ವ ಲೂಪಸ್ ದಿನ. ಅಲ್ಲಿಯತನಕ ಕಾಯದೆ, ಇಂದೇ ಮನೆಯವರಿಗೆ ಇದನ್ನು ಓದಿಹೇಳಿರಿ.