ಸೋರುವ ನಲ್ಲಿ: ಸೂಚನಾ ಬರಹದ ಒಂದು ಪಾಠ

ದಿಂಡಿಗಲ್ ಜಿಲ್ಲೆಯ ಒಡ್ಡನ್‌ಛತ್ರಂ ಪಳನಿ ಬೆಟ್ಟಸಾಲಿನ ಉತ್ತರದಲ್ಲಿರುವ ಹೆಸರಾಂತ ತರಕಾರಿ ಪೇಟೆ. ಇಲ್ಲಿಯ ನುಗ್ಗೆ, ಟೊಮೇಟೊಗಳು ಲಾರಿಗಳಲ್ಲಿ ಕೇರಳದವರೆಗೆ ಹೋಗುತ್ತವೆ. ಊರಿನ ಕುಡಿಯುವ ನೀರಿಗೆ ಬೆಟ್ಟದ ಪರಪ್ಪಲಾರು ಅಣೆಕಟ್ಟು ಆಧಾರ. ಈ ಸೀಮೆಯಲ್ಲಿಯೂ ನೆರೆಯ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿಯೂ ತಲೆಮಾರುಗಳಿಂದ ಮನೆಯೊಳಗೆ ಕನ್ನಡವಾಡುತ್ತ ಬಂದ ಕುಟುಂಬಗಳಿವೆ. ಆದರೆ ಅಂಗಡಿ, ಕಚೇರಿಗಳ ಮಾತು ತಮಿಳು. ಇಂಥ ಮನೆಯ ಮಗುವಿಗೆ ಕನ್ನಡ ಕಿವಿಯಿಂದ ಬಂದುದು, ಪುಸ್ತಕದಿಂದಲ್ಲ. ಹೊಸೂರು, ತಾಳವಾಡಿಗಳ ಕನ್ನಡ ಮಾಧ್ಯಮದ ತರಗತಿಯಲ್ಲಿಯೂ ಅಂತಹ ಮಗು ಕುಳಿತಿರುವುದುಂಟು.

ಆ ಮಗುವಿಗೆ ‘ನೀರಿನ ಮಹತ್ವ’ ಎಂಬ ಪ್ರಬಂಧವನ್ನು ಕೊಟ್ಟರೆ ಎರವಲು ವಾಕ್ಯಗಳೇ ಬರುತ್ತವೆ. ಮನೆಯ ಸೋರುವ ನಲ್ಲಿಯನ್ನು ದುರಸ್ತಿ ಮಾಡುವ ಬಗೆಯನ್ನು ಹೇಳೆಂದರೆ ಅದು ತನ್ನ ಮಾತಿನಲ್ಲಿಯೇ ಹೇಳಬೇಕಾಗುತ್ತದೆ. ಪ್ರಸ್ತುತ ಪಾಠದ ಉದ್ದೇಶ ಇಷ್ಟೇ. ಆರನೆಯ ತರಗತಿಯಿಂದ ಮೇಲಕ್ಕೆ ಇದನ್ನು ನಡೆಸಬಹುದು.

ಮೊದಲ ದಿನ ಅಳತೆ. ಹನಿಯುವ ನಲ್ಲಿಯ ಕೆಳಗೆ ಲೋಟವಿಟ್ಟು ಹತ್ತು ನಿಮಿಷದಲ್ಲಿ ಎಷ್ಟು ನೀರು ತುಂಬಿತೆಂಬುದನ್ನು ಮಕ್ಕಳು ಮನೆಯಲ್ಲಿ ನೋಡಿಬರಲಿ. 100 ಮಿಲಿ ಲೀಟರ್ ಎಂದಾದರೆ ಗಂಟೆಗೆ 600, ದಿನಕ್ಕೆ 14.4 ಲೀಟರ್; ಹೆಚ್ಚುಕಡಿಮೆ ಒಂದು ಪ್ಲಾಸ್ಟಿಕ್ ಕೊಡ. ಕೊಡ ಹೊತ್ತು ಬಲ್ಲ ಮನೆಯಲ್ಲಿ ಈ ಲೆಕ್ಕಕ್ಕೆ ವ್ಯಾಖ್ಯಾನ ಬೇಡ.

ಎರಡನೆಯ ದಿನ ಕೆಲಸ. ತಿರುಪಿನ ಹಳೆಯ ಮಾದರಿಯ ನಲ್ಲಿಯೊಂದನ್ನು ತರಗತಿಗೆ ತಂದು ಬಿಚ್ಚಿ ತೋರಿಸಬೇಕು. ಹಿಡಿಯನ್ನು ತಿರುಗಿಸಿದಾಗ ಒಳಗಿನ ಕಡ್ಡಿ ಕೆಳಗಿಳಿದು, ತುದಿಯಲ್ಲಿರುವ ರಬ್ಬರಿನ ವಾಷರನ್ನು ನೀರಿನ ಕಂಡಿಯ ಮೇಲೆ ಒತ್ತುತ್ತದೆ. ವಾಷರು ಸವೆದರೆ ಅಥವಾ ಗಡುಸಾದರೆ ಸಂದು ಉಳಿದು ನೀರು ಹನಿಯುತ್ತದೆ. ಹನಿ ನಿಲ್ಲಲೆಂದು ಹಿಡಿಯನ್ನು ಇನ್ನಷ್ಟು ಬಿಗಿದಂತೆಲ್ಲ ವಾಷರು ಮತ್ತಷ್ಟು ಬೇಗ ಹಾಳಾಗುತ್ತದೆ. ಬಹುತೇಕ ಮನೆಗಳಲ್ಲಿ ನಡೆಯುವುದು ಇದೇ.

ದುರಸ್ತಿಗೆ ಮೊದಲು ತೊಟ್ಟಿಯಿಂದ ಬರುವ ಕೊಳವೆಯ ವಾಲ್ವನ್ನು ಮುಚ್ಚಬೇಕು. ಬಳಿಕ ನಲ್ಲಿಯನ್ನು ತೆರೆದು ಉಳಿದ ನೀರನ್ನು ಹರಿಯಬಿಟ್ಟು, ಸ್ಪ್ಯಾನರಿನಿಂದ ಮೇಲಿನ ಭಾಗವನ್ನು ಬಿಚ್ಚಿ, ಹಳೆಯ ವಾಷರನ್ನು ತೆಗೆದು ಅದೇ ಅಳತೆಯ ಹೊಸದನ್ನು ಕೂರಿಸಬೇಕು. ಅಳತೆ ತಪ್ಪದಿರಲು ಹಳೆಯದನ್ನೇ ಅಂಗಡಿಗೆ ಒಯ್ಯುವುದು ಲೇಸು. ಕೊಳವೆಬಾವಿಯ ಗಡಸು ನೀರಿನ ಮನೆಗಳಲ್ಲಿ ಕಂಡಿಯ ಅಂಚಿಗೆ ಬಿಳಿಯ ಸುಣ್ಣ ಕಟ್ಟಿರುತ್ತದೆ. ನಿಂಬೆರಸದಲ್ಲಿ ನೆನೆಸಿದ ಬಟ್ಟೆಯನ್ನು ಕೆಲಹೊತ್ತು ಅದರ ಮೇಲಿರಿಸಿ ಒರೆಸಿದರೆ ಸಡಿಲವಾಗುತ್ತದೆ. ಕಾಲು ಸುತ್ತಿಗೇ ತೆರೆಯುವ ಹೊಸ ಮಾದರಿಯ ನಲ್ಲಿಗಳಲ್ಲಿ ಸಾಮಾನ್ಯವಾಗಿ ಈ ವಾಷರು ಇರುವುದಿಲ್ಲ. ಅವುಗಳ ಒಳಭಾಗವನ್ನು ಇಡಿಯಾಗಿ ಬದಲಿಸಬೇಕಾಗುತ್ತದೆ. ನೀರು ಕಾಯಿಸುವ ಗೀಸರು, ಮೋಟಾರಿನ ತಂತಿ, ರಸ್ತೆಯ ಮುಖ್ಯ ಕೊಳವೆ ಇವು ಮೂರೂ ಈ ಪಾಠಕ್ಕೆ ಹೊರತು, ಮಕ್ಕಳು ಮುಟ್ಟಲೇಬಾರದು.

ಭಾಷೆಯ ನಿಜವಾದ ಕಷ್ಟ ಎದುರಾಗುವುದು ‘ಎಡಕ್ಕೆ ತಿರುಗಿಸು’ ಎಂಬ ಸೂಚನೆಯಲ್ಲಿ. ದುಂಡಾಗಿ ತಿರುಗುವ ವಸ್ತುವಿನ ಆಚೆಯ ಅಂಚು ಎಡಕ್ಕೆ ಹೋದರೆ ಈಚೆಯ ಅಂಚು ಬಲಕ್ಕೆ ಬರುತ್ತದೆ. ಹಾಗಾದರೆ ಯಾವುದು ಎಡ? ‘ಗಡಿಯಾರದ ಮುಳ್ಳಿನಂತೆ’ ಎನ್ನಬಹುದು, ಆದರೆ ಅಂಕಿಯ ಗಡಿಯಾರವನ್ನೇ ಕಂಡ ಮಕ್ಕಳಿಗೆ ಅದು ತಿಳಿಯದು. ‘ಬಲಮುರಿ’, ‘ಎಡಮುರಿ’ ಎಂಬ ಸೊಗಸಾದ ಪದಗಳು ಕನ್ನಡದಲ್ಲಿವೆ. ಗುಡಿ ಸುತ್ತುವ ಪ್ರದಕ್ಷಿಣೆಯನ್ನು ಮೇಲಿನಿಂದ ನೋಡಿದಂತೆ ನೆನೆದರೂ ಸಾಕು: ಆ ದಿಕ್ಕಿಗೆ ಬಿಗಿ, ಎದುರು ದಿಕ್ಕಿಗೆ ಸಡಿಲ. ಯಾವ ಹೋಲಿಕೆ ತಮಗೆ ಒಗ್ಗುತ್ತದೆಂಬುದನ್ನು ಮಕ್ಕಳೇ ಚರ್ಚಿಸಿ ಆರಿಸಿಕೊಳ್ಳಲಿ.

ಮನೆಮಾತನ್ನು ಈ ಹಂತದಲ್ಲಿ ತಿದ್ದಬಾರದು. ಒಬ್ಬನ ಮನೆಯಲ್ಲಿ ನಲ್ಲಿ, ಇನ್ನೊಬ್ಬಳ ಮನೆಯಲ್ಲಿ ಕೊಳಾಯಿ, ಮತ್ತೊಂದೆಡೆ ತಮಿಳಿನ ಕುೞಾಯ್. ಎಲ್ಲವೂ ಕಪ್ಪುಹಲಗೆಗೆ ಬರಲಿ. ಹಳಗನ್ನಡದಲ್ಲಿದ್ದು ಕನ್ನಡದಿಂದ ಮರೆಯಾದ ೞಕಾರ ತಮಿಳಿನಲ್ಲಿ ಇಂದಿಗೂ ಉಳಿದಿರುವುದನ್ನು ಶಿಕ್ಷಕರು ಇಲ್ಲಿ ಎರಡು ಮಾತಿನಲ್ಲಿ ಹೇಳಬಹುದು. ತೊಟ್ಟಿಯಂತೂ ಎರಡೂ ಭಾಷೆಗಳಲ್ಲಿ ತೊಟ್ಟಿಯೇ. ಹನಿ, ತೊಟ್ಟಿಕ್ಕು, ಒಸರು, ಜಿನುಗು, ಸೋರು ಇವುಗಳ ನಡುವಿನ ಅಂತರವನ್ನು ನಿಘಂಟಿಗಿಂತ ಹಾಳಾದ ನಲ್ಲಿಯೇ ಚೆನ್ನಾಗಿ ಕಲಿಸುತ್ತದೆ.

ಮೂರನೆಯ ದಿನ ಬರಹ. ಪ್ರತಿಯೊಂದು ಮಗುವೂ ಕೆಲಸದ ಹಂತಗಳನ್ನು ವಿಧ್ಯರ್ಥಕ ಕ್ರಿಯಾಪದಗಳಲ್ಲಿ ಬರೆಯಬೇಕು: ಮುಚ್ಚು, ಬಿಚ್ಚು, ಒರೆಸು, ಕೂರಿಸು. ಬಳಿಕ ಹಾಳೆಗಳನ್ನು ಅದಲುಬದಲು ಮಾಡಿ, ಬರೆದಷ್ಟನ್ನೇ ಇನ್ನೊಂದು ಮಗು ತರಗತಿಯ ಬಿಡಿ ನಲ್ಲಿಯ ಮೇಲೆ ಮಾಡಿ ತೋರಿಸಲಿ. ಹೆಚ್ಚಾಗಿ ಬಿಟ್ಟುಹೋಗುವುದು ವಾಲ್ವು ಮುಚ್ಚುವ ವಾಕ್ಯ. ಬರೆದವನಿಗೆ ಅದು ಗೊತ್ತಿರುತ್ತದೆ, ಓದುವವನಿಗೂ ಗೊತ್ತಿದೆಯೆಂದು ಭಾವಿಸಿರುತ್ತಾನೆ. ಶಿಕ್ಷಕರು ಕೆಂಪು ಶಾಯಿಯಲ್ಲಿ ಗುರುತಿಸುವ ಬದಲು, ನಿಜವಾದ ಮನೆಯಲ್ಲಾದರೆ ಈ ಹಾಳೆಯನ್ನು ಹಿಡಿದವರ ಮೇಲೆ ಈಗ ಏನಾಗುತ್ತಿತ್ತೆಂದು ಕೇಳಿದರೆ ಸಾಕು.

ಸ್ಪ್ಯಾನರನ್ನು ಹುಡುಗರ ಕೈಗೆ ಮಾತ್ರ ಕೊಡುವ ರೂಢಿಯನ್ನು ಬಿಡಬೇಕು. ನೀರು ಹೊರುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗಿರುವಾಗ ಅದನ್ನು ಉಳಿಸುವ ಉಪಕರಣ ಅವರ ಕೈಗೆ ಬಾರದಿರುವುದಕ್ಕೆ ಕಾರಣವಿಲ್ಲ.

ಒಂದು ವಾರದ ಬಳಿಕ, ಹಿರಿಯರೊಡನೆ ಸೇರಿ ಮನೆಯ ನಲ್ಲಿಯನ್ನು ದುರಸ್ತಿ ಮಾಡಿದ ಮಕ್ಕಳು ಹಳೆಯ ವಾಷರನ್ನು ತಂದು, ಮೊದಲ ದಿನ ಬರೆದ ಅಳತೆಯ ಪಕ್ಕದಲ್ಲಿ ಅಂಟಿಸಿ, ಅದರ ಕೆಳಗೆ ಹೊಸ ಅಳತೆಯನ್ನು ಬರೆಯಲಿ.